ಚಿತ್ರಕ್ಕೆ ಅಂಕಿಯ ಸಾಕ್ಷಿ

ಅಂಕಿ-ಅಂಶಗಳ ಉದ್ದನೆಯ ಪಟ್ಟಿಯನ್ನು ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅದನ್ನೇ ಚಿತ್ರವಾಗಿ ಬರೆದು ತೋರಿಸಿದರೆ ವಿಷಯವು ನೋಟಮಾತ್ರಕ್ಕೆ ತಿಳಿಯುತ್ತದೆ. ಇದನ್ನು ಚೆನ್ನಾಗಿ ಮನಗಂಡವರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಮುಖ್ಯನು. ಅವನು 1786ರಲ್ಲಿ ತನ್ನ ದೇಶದ ಆಮದು-ರಫ್ತುಗಳನ್ನು ಸ್ತಂಭಗಳ ಮೂಲಕ ತೋರಿಸಿದನು. 1801ರಲ್ಲಿ ವೃತ್ತವನ್ನು ಭಾಗಮಾಡಿ ತೋರಿಸುವ ಕ್ರಮವನ್ನೂ ಬಳಕೆಗೆ ತಂದನು. ಅಂದು ಇಂಥ ಚಿತ್ರಗಳನ್ನು ಕೈಯಿಂದ ಕೊರೆಯಬೇಕಾಗಿತ್ತು. ಇಂದು ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟಿನಲ್ಲಿ ಅಂಕಿಗಳನ್ನು ತುಂಬಿ ಗುಂಡಿಯೊತ್ತಿದರೆ ಚಾರ್ಟ್ ಸಿದ್ಧವಾಗುತ್ತದೆ. ಆದರೆ ಚಿತ್ರ ಸುಲಭವಾದಷ್ಟೂ ಅದರಿಂದ ತಪ್ಪು ತಿಳಿವಳಿಕೆ ಹುಟ್ಟುವುದೂ ಸುಲಭವೇ. ಅದನ್ನು ತಡೆಯುವ ಸಾಧನಗಳಲ್ಲಿ ಒಂದು, ಸ್ತಂಭದ ತುದಿಯಲ್ಲೋ ವೃತ್ತಖಂಡದ ಮೇಲೋ ಬರೆಯುವ ಅಂಕಿ. ಇದಕ್ಕೆ ಡೇಟಾ ಲೇಬಲ್ ಎಂದು ಹೆಸರು. ಅದನ್ನು ಹೇಗೆ ಅಳವಡಿಸಬೇಕೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ 2001ರಲ್ಲಿ ಶೇಕಡ 66.64, 2011ರಲ್ಲಿ ಶೇಕಡ 75.36. ಇವೆರಡನ್ನು ಸ್ತಂಭಗಳಾಗಿ ಬರೆದೆವೆನ್ನಿ. ಅಂಕಿಗಳು ಒಂದಕ್ಕೊಂದು ಹತ್ತಿರವಿದ್ದಾಗ ಎಕ್ಸೆಲ್ ತಾನಾಗಿಯೇ ಅಕ್ಷವನ್ನು ಸೊನ್ನೆಯಿಂದ ಆರಂಭಿಸದೆ ಮೇಲಿನಿಂದ ಆರಂಭಿಸುವುದುಂಟು. ಅಕ್ಷವು 60ರಿಂದ ಮೊದಲಾದರೆ ಒಂದು ಸ್ತಂಭದ ಎತ್ತರ 6.64, ಇನ್ನೊಂದರದು 15.36 ಆಗುತ್ತದೆ. ಹತ್ತೇ ವರ್ಷಗಳಲ್ಲಿ ಸಾಕ್ಷರತೆ ಇಮ್ಮಡಿಗಿಂತ ಹೆಚ್ಚಾಯಿತೆಂದು ನೋಡುವವನು ಭ್ರಮಿಸಿದರೆ ಆಶ್ಚರ್ಯವಿಲ್ಲ. ಅಕ್ಷವನ್ನು ಸೊನ್ನೆಗೆ ಇಳಿಸುವುದು ಇದಕ್ಕೆ ಮೊದಲ ಪರಿಹಾರ. ಸ್ತಂಭದ ಮೇಲೆ ನಿಜವಾದ ಅಂಕಿಯನ್ನು ಬರೆಯುವುದು ಎರಡನೆಯದು. ಕಣ್ಣು ಮೋಸಹೋದರೂ ಅಂಕಿ ಸಾಕ್ಷಿ ನುಡಿಯುತ್ತದೆ.

ಇದನ್ನು ಮಾಡುವ ಕ್ರಮ ಕಷ್ಟವಾದುದಲ್ಲ. ಚಾರ್ಟಿನ ಮೇಲೆ ಒಮ್ಮೆ ಒತ್ತಿದರೆ ಬಲಬದಿಯಲ್ಲಿ ಕೂಡಿಸುವ ಚಿಹ್ನೆಯೊಂದು ಕಾಣುತ್ತದೆ. ಅದರಲ್ಲಿ 'ಡೇಟಾ ಲೇಬಲ್ಸ್' ಎಂಬುದನ್ನು ಗುರುತಿಸಿದರೆ ಅಂಕಿಗಳು ಮೂಡುತ್ತವೆ. ಅದರ ಪಕ್ಕದ ಬಾಣದಲ್ಲಿ 'ಮೋರ್ ಆಪ್ಷನ್ಸ್' ಆರಿಸಿದರೆ, ಅಂಕಿ, ವರ್ಗದ ಹೆಸರು, ವೃತ್ತಚಿತ್ರವಾದರೆ ಶೇಕಡ ಪ್ರಮಾಣ, ಇವುಗಳಲ್ಲಿ ಏನೇನು ಕಾಣಬೇಕೆಂದು ನಿರ್ಧರಿಸಬಹುದು. ಒಂದು ಲೇಬಲನ್ನು ಒಮ್ಮೆ ಒತ್ತಿದರೆ ಆ ಸಾಲಿನ ಲೇಬಲುಗಳೆಲ್ಲವೂ ಆಯ್ಕೆಯಾಗುತ್ತವೆ. ಮತ್ತೊಮ್ಮೆ ಒತ್ತಿದರೆ ಅದೊಂದೇ ಉಳಿಯುತ್ತದೆ. ಇದನ್ನು ತಿಳಿಯದವರು ಒಂದನ್ನು ತಿದ್ದಲು ಹೋಗಿ ಎಲ್ಲವನ್ನೂ ಬದಲಾಯಿಸಿಬಿಡುತ್ತಾರೆ.

ಇನ್ನು ಅಂಕಿಯ ರೂಪದ ವಿಚಾರ. ಲೇಬಲಿನ ಅಂಕಿಯು ಸಾಮಾನ್ಯವಾಗಿ ಹಾಳೆಯಲ್ಲಿರುವ ರೂಪವನ್ನೇ ಅನುಸರಿಸುತ್ತದೆ; 'ಲಿಂಕ್ಡ್ ಟು ಸೋರ್ಸ್' ಎಂಬ ಗುರುತಿನ ಅರ್ಥ ಇದೇ. ಅದನ್ನು ತೆಗೆದರೆ ಲೇಬಲಿಗೆ ಬೇರೆ ರೂಪ ಕೊಡಬಹುದು. ಹೀಗೆ ಮಾಡುವುದರಿಂದ ತೋರಿಕೆ ಬದಲಾಗುತ್ತದೆಯೇ ಹೊರತು ಹಾಳೆಯಲ್ಲಿರುವ ಬೆಲೆ ಬದಲಾಗುವುದಿಲ್ಲ. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು: ಹಾಳೆಯಲ್ಲಿ 75.36 ಎಂದು ಬರೆದು ಅದಕ್ಕೆ ಶೇಕಡ ರೂಪ ಕೊಟ್ಟರೆ, ಯಂತ್ರವು ಅದನ್ನು ನೂರರಿಂದ ಗುಣಿಸಿ 7536% ಎಂದು ತೋರಿಸುತ್ತದೆ! ಶೇಕಡ ರೂಪ ಬೇಕಾದರೆ ಹಾಳೆಯಲ್ಲಿ 0.7536 ಎಂದಿರಬೇಕು, ಇಲ್ಲವೆ, 0.00"%" ಎಂಬ ರೂಪವನ್ನು ನಾವೇ ಬರೆದುಕೊಡಬೇಕು. ಎರಡನೆಯದು ದಶಾಂಶದ ಸಂಗತಿ. ಅಂದಕ್ಕಾಗಿ ದಶಾಂಶಗಳನ್ನು ತೆಗೆದುಹಾಕಿದರೆ ನಮ್ಮ ಸ್ತಂಭಗಳ ಮೇಲೆ 67, 75 ಎಂದು ಕಾಣುತ್ತದೆ. ಓದುಗನು ಕಳೆದು ನೋಡಿದರೆ ವ್ಯತ್ಯಾಸ 8. ನಿಜವಾದ ವ್ಯತ್ಯಾಸವೋ 8.72, ಅಂದರೆ ಸುಮಾರು 9. ಹಾಗೆಯೇ ವೃತ್ತವನ್ನು ಮೂರು ಸಮಭಾಗ ಮಾಡಿ 33, 33, 33 ಎಂದು ಬರೆದರೆ ಮೊತ್ತ 99 ಆಗುವುದು. ಎಲ್ಲಿ ಹೋಲಿಕೆ ಮುಖ್ಯವೋ ಅಲ್ಲಿ ಒಂದು ದಶಾಂಶವನ್ನಾದರೂ ಉಳಿಸಿಕೊಳ್ಳುವುದು ಲೇಸು.

ನಮ್ಮವರಿಗೆ ಇನ್ನೊಂದು ತೊಡಕುಂಟು. 2011ರಲ್ಲಿ ರಾಜ್ಯದ ಜನಸಂಖ್ಯೆ 6,10,95,297. ಕಂಪ್ಯೂಟರು ಪಾಶ್ಚಾತ್ಯ ಕ್ರಮದಲ್ಲಿದ್ದರೆ ಇದು 61,095,297 ಎಂದು ಮೂಡುತ್ತದೆ. ಲಕ್ಷ, ಕೋಟಿಗಳಲ್ಲಿ ಎಣಿಸುವವನು ತಡವರಿಸುತ್ತಾನೆ. ಕಂಪ್ಯೂಟರಿನ ಪ್ರಾದೇಶಿಕ ವ್ಯವಸ್ಥೆಯಲ್ಲಿ ಭಾರತವನ್ನು ಆರಿಸಿಕೊಂಡರೆ ಅಲ್ಪವಿರಾಮಗಳು ನಮ್ಮ ಕ್ರಮದಲ್ಲೇ ಬೀಳುತ್ತವೆ.

ಅಂಕಿಯನ್ನು ಎಲ್ಲಿ ಇಡಬೇಕು? ಸ್ತಂಭದ ಹೊರತುದಿಯಲ್ಲಿ, ಒಳತುದಿಯಲ್ಲಿ, ನಡುವೆ, ಬುಡದಲ್ಲಿ ಎಂದು ನಾಲ್ಕು ಸ್ಥಾನಗಳಿವೆ. ಒಂಟಿ ಸ್ತಂಭಕ್ಕೆ ಹೊರತುದಿ ಯೋಗ್ಯ. ಒಂದರ ಮೇಲೊಂದು ಪೇರಿಸಿದ ಸ್ತಂಭಗಳಿಗೆ ಈ ಸ್ಥಾನ ದೊರೆಯುವುದಿಲ್ಲ. ಅಲ್ಲಿ ನಡುವೆ ಇಟ್ಟು, ಕಡುಬಣ್ಣದ ಮೇಲೆ ಬಿಳಿಯ ಅಕ್ಷರ ಬಳಸಬೇಕು. ಗೆರೆಚಿತ್ರದಲ್ಲಿ ಪ್ರತಿಯೊಂದು ಬಿಂದುವಿಗೂ ಅಂಕಿ ಬರೆದರೆ ಗೆರೆಯೇ ಮುಚ್ಚಿಹೋಗುತ್ತದೆ. ಅತಿಯಾದರೆ ಅಮೃತವೂ ವಿಷವಲ್ಲವೆ? ಮೊದಲಿನ, ಕೊನೆಯ ಮತ್ತು ಅತ್ಯುನ್ನತ ಬಿಂದುಗಳಿಗೆ ಬರೆದರೆ ಸಾಕು.

ಲೇಬಲಿನಲ್ಲಿ ಸ್ತಂಭದ ಬೆಲೆಯೇ ಇರಬೇಕೆಂಬ ನಿಯಮವೂ ಇಲ್ಲ. 2013ರ ಎಕ್ಸೆಲ್‌ನಿಂದೀಚೆಗೆ 'ವ್ಯಾಲ್ಯೂ ಫ್ರಮ್ ಸೆಲ್ಸ್' ಎಂಬ ಸೌಕರ್ಯದಿಂದ ಹಾಳೆಯ ಬೇರೊಂದು ಕಡೆಯ ಬರಹವನ್ನು ಲೇಬಲಾಗಿ ತರಬಹುದು. 2001ರಲ್ಲಿ ಕರ್ನಾಟಕದ ಪುರುಷರ ಸಾಕ್ಷರತೆ 76.10, ಸ್ತ್ರೀಯರದು 56.87, 2011ರಲ್ಲಿ ಅವು ಕ್ರಮವಾಗಿ 82.47 ಮತ್ತು 68.08. ಸ್ತ್ರೀಯರ ಸ್ತಂಭದ ಮೇಲೆ ಅವರ ಅಂಕಿಯೊಡನೆ 'ಅಂತರ 19.23', 'ಅಂತರ 14.39' ಎಂದೂ ಬರೆದರೆ, ಅಂತರ ತಗ್ಗಿದುದೂ ಇನ್ನೂ ಎಷ್ಟು ಉಳಿದಿತ್ತೆಂಬುದೂ ಒಟ್ಟಿಗೆ ತಿಳಿಯುತ್ತವೆ. ಇಂಥ ಮಾತನ್ನು ಲೇಬಲಿನೊಳಗೆ ಕೈಯಿಂದ ಬೆರಳಚ್ಚು ಮಾಡಬಾರದು. ನಾಳೆ ಹಾಳೆಯ ಅಂಕಿಯನ್ನು ತಿದ್ದಿದರೆ ಸ್ತಂಭ ಬೆಳೆದೀತು, ಬರೆದ ಮಾತು ಮಾತ್ರ ಹಳೆಯದಾಗಿಯೇ ಉಳಿದೀತು.

ಪ್ರಬಂಧಗಳಿಗೂ ವಿಚಾರಗೋಷ್ಠಿಗಳಿಗೂ ಚಾರ್ಟುಗಳನ್ನು ಸಿದ್ಧಪಡಿಸುವ ನಮ್ಮ ವಿದ್ಯಾರ್ಥಿಮಿತ್ರರು ಬಣ್ಣ ಮತ್ತು ನೆರಳುಗಳಿಗೆ ಕೊಡುವ ಗಮನದಲ್ಲಿ ಅರ್ಧದಷ್ಟನ್ನು ಈ ಸಣ್ಣ ಅಂಕಿಗಳಿಗೆ ಕೊಟ್ಟರೆ ಸಾಕು. 14.39 ಎಂಬುದು ಬರಿಯ ಸಂಖ್ಯೆಯಲ್ಲ. ಪುರುಷರ ಸಮಕ್ಕೆ ಅಕ್ಷರ ದೊರೆಯದೆ ಹಿಂದುಳಿದ ನಮ್ಮ ಅಕ್ಕತಂಗಿಯರ, ತಾಯಂದಿರ ಲೆಕ್ಕ ಅದು. ಅದನ್ನು ಹಿಗ್ಗಿಸದೆ, ಕುಗ್ಗಿಸದೆ, ಓದಲು ಬರುವಂತೆ ಚಿತ್ರದ ಮೇಲೆ ಬರೆಯುವುದು ವಿದ್ಯಾವಂತರಾದ ನಮ್ಮ ಕರ್ತವ್ಯ.