ಬೇಸ್‌ಮೆಂಟಿನ ನೀರಗಂಟಿ

ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತಲ ಹಳೇ ಮನೆಗಳಲ್ಲಿ ಬೇಸ್‌ಮೆಂಟಿಗಿಳಿದು ತಲೆಯೆತ್ತಿದರೆ ಮನೆಯ ಒಳಗುಟ್ಟೆಲ್ಲ ಕಾಣುತ್ತದೆ. ಮರದ ತೊಲೆಗಳ ಸಂದಿಯಲ್ಲಿ ತಾಮ್ರದ ನೀರಿನ ಪೈಪು, ಬಿಸಿಗಾಳಿ ಹಾಯುವ ತಗಡಿನ ನಾಳ, ಕರೆಂಟಿನ ವೈರು. ಇವುಗಳ ನಡುವೆ ತೊಲೆಗೆ ಸ್ಟೇಪಲ್ ಹೊಡೆದು ಕೂರಿಸಿದ ಟಿ.ವಿ.ಯ ಕಪ್ಪು ಕೋಕ್ಸ್ ಕೇಬಲ್ಲು. ಮೂಲೆಯಲ್ಲಿ ಧೂಳು ಹಿಡಿದ ಲೋಹದ ಸ್ಪ್ಲಿಟರ್: ಬೀದಿಯಿಂದ ಒಂದು ತಂತಿ ಒಳಕ್ಕೆ, ಅಲ್ಲಿಂದ ನಾಲ್ಕು ಕೋಣೆಗೆ ನಾಲ್ಕು. ಮಲಗುವ ಕೋಣೆಗೂ ಟಿ.ವಿ. ಬೇಕು ಅನ್ನುತ್ತಿದ್ದ ಕಾಲದ ಕೆಲಸ. ಈಗ ಟಿ.ವಿ.ಗೂ ಇಂಟರ್ನೆಟ್ಟೇ ಗತಿ, ಕೇಬಲ್ ಮಾತ್ರ ಗೋಡೆಯೊಳಗೆ ಸುಮ್ಮನೆ ಬಿದ್ದಿದೆ.

ನನ್ನ ಗೆಳೆಯನ ಆಫೀಸು ಮೇಲಂತಸ್ತಿನ ಹಿಂದಿನ ಕೋಣೆ. ಫೈಬರ್ ಬಂದು ಸೇರುವುದು, ರೌಟರ್ ಇರುವುದು, ಎರಡೂ ಬೇಸ್‌ಮೆಂಟಿನಲ್ಲಿ. ನಡುವೆ ಇಟ್ಟಿಗೆಯ ಚಿಮಣಿ, ಮೇಲೆ ಆ ತಗಡಿನ ನಾಳಗಳು. ಮೀಟಿಂಗಿನ ಮಧ್ಯೆ ವೈಫೈ ಕೈಕೊಟ್ಟು ಅವನ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಹಾಸನದಿಂದ ಬಂದಿದ್ದ ಅವನ ತಂದೆ ಕೇಳಿದರು, “ಹಂಗಾರೆ ಗೋಡೆ ಒಡೆಸ್ತೀಯೇನೋ?”

“ಬೇಡಪ್ಪ, ತಂತಿ ಆಗಲೇ ಇದೆ.”

ಅದೇ ಕೇಬಲಿನ ಉಳಿದಿದ್ದ ಒಂದು ತುಂಡನ್ನು ಸುಲಿದು ಅವರ ಕೈಗಿತ್ತ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರಡಿ ಜಡೆ ಹೆಣೆದ ಅಲ್ಯೂಮಿನಿಯಮ್ ಎಳೆಗಳು, ಆಮೇಲೆ ಬೆಳ್ಳಿ ಬಣ್ಣದ ಹಾಳೆ, ಅದನ್ನೂ ಬಿಡಿಸಿದರೆ ಬಿಳಿ ಫೋಮು, ನಟ್ಟನಡುವೆ ಒಂದು ಮಿಲಿಮೀಟರ್ ದಪ್ಪದ ಕೆಂಪು ಹೊಳಪಿನ ಎಳೆ. ಸಂಕೇತ ಹರಿಯುವುದು ನಡುವಿನ ಎಳೆಗೂ ಸುತ್ತಲ ಜಡೆಗೂ ನಡುವೆ. ಹೊರಗಿನ ಗದ್ದಲಕ್ಕೆ ಒಳಗೆ ಜಾಗವಿಲ್ಲ. ಒಂದೇ ಕೇಬಲಿನಲ್ಲಿ ಹಲವು ಫೋನ್ ಮಾತುಕತೆ ಸಾಗಿಸಲೆಂದು ಲಾಯ್ಡ್ ಎಸ್ಪೆನ್‌ಶೀಡ್, ಹರ್ಮನ್ ಆಫೆಲ್ ಎಂಬ ಎಂಜಿನಿಯರುಗಳು ಇಂಥದ್ದಕ್ಕೆ ಪೇಟೆಂಟ್ ಕೇಳಿದ್ದು 1929ರಲ್ಲಿ. ಅದರ ತಾಕತ್ತಿನ ಮುಂದೆ ನಾಲ್ಕು ಧಾರಾವಾಹಿ ಯಾವ ಲೆಕ್ಕ!

ಈ ತಾಕತ್ತನ್ನು ಮನೆಯೊಳಗೆ ದುಡಿಸುವ ವಿಧಾನಕ್ಕೆ ಮೋಕಾ ಎಂದು ಹೆಸರು. ಅದರ ಕಂಪನಿಗಳ ಒಕ್ಕೂಟ ಶುರುವಾದದ್ದು 2004ರಲ್ಲಿ. ಈಗ ಪೇಟೆಯಲ್ಲಿರುವ 2.5 ಆವೃತ್ತಿ ಸೆಕೆಂಡಿಗೆ ಎರಡೂವರೆ ಗಿಗಾಬಿಟ್‌ವರೆಗೆ ಹೊರುತ್ತದೆ. ರೌಟರಿನ ಬಳಿ ಒಂದು ಮೋಕಾ ಡಬ್ಬಿ, ಮೇಲಿನ ಕೋಣೆಯಲ್ಲೊಂದು. ಒಂದೇ ಕೇಬಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಗೊಂದಲವಲ್ಲವೇ? ಅದಕ್ಕೇ ಡಬ್ಬಿಗಳಲ್ಲೊಂದು ಯಜಮಾನಿಕೆ ವಹಿಸಿಕೊಂಡು, ಕಾಲುವೆಯ ನೀರಗಂಟಿ ಗದ್ದೆಗಳಿಗೆ ಸರದಿ ಹಚ್ಚುವಂತೆ, ಪ್ರತಿಯೊಬ್ಬರಿಗೂ ಹೊತ್ತು ಹಂಚುತ್ತದೆ. ಈ ಮಾತು ಕೇಳಿದ್ದೇ ಗೆಳೆಯನ ತಂದೆಯ ಮುಖ ಅರಳಿತು, ಗಿಗಾಬಿಟ್ಟಿಗೆ ಅರಳಿರಲಿಲ್ಲ.

ಕೆಲಸವೆಲ್ಲ ಇದ್ದದ್ದು ಆ ಸ್ಪ್ಲಿಟರಿನಲ್ಲೇ. ಮೋಕಾ ಓಡಾಡುವುದು ಬಹುಮಟ್ಟಿಗೆ 1125ರಿಂದ 1675 ಮೆಗಾಹರ್ಟ್ಸ್ ನಡುವೆ. ಹಳೆಯದರ ಬೆನ್ನ ಮೇಲೆ ‘5-900’ ಎಂದಿತ್ತು. ಅದನ್ನು ಬಿಚ್ಚಿ 1675ರವರೆಗಿನ ಹೊಸದನ್ನು ಕೂರಿಸಿದ. ಖಾಲಿ ಬಾಯಿಗಳಿಗೆ 75 ಓಮಿನ ಪುಟ್ಟ ಟೋಪಿ ತಿರುಪಿದ. ಬಿಟ್ಟರೆ ಸಂಕೇತ ಅಲ್ಲಿಂದ ಬಡಿದು ವಾಪಸು ಬರುತ್ತದೆ. ಬೀದಿಯಿಂದ ಬಂದ ತಂತಿಗೆ ಫಿಲ್ಟರ್ ಹಾಕಿದ. ಅದಿಲ್ಲದಿದ್ದರೆ ಮನೆಯ ಮಾತು ಪಕ್ಕದವರ ಗೋಡೆಯವರೆಗೂ ಹೋದೀತು. ಡಿಶ್ ಇರುವ ಮನೆಯಲ್ಲಾದರೆ ಎಡವಟ್ಟು: ಅದರ ಸಂಕೇತವೂ ಇದೇ ದಾರಿಯಲ್ಲಿ ಬರುವುದರಿಂದ ಎರಡೂ ಡಿಕ್ಕಿ ಹೊಡೆಯುತ್ತವೆ. ಇದರ ಬದಲು ಹೊಸ ಈಥರ್ನೆಟ್ ಎಳೆಸುವುದೇ ಮೇಲೆಂದು ವಾದಿಸುವವರಿದ್ದಾರೆ. ಕಟ್ಟುತ್ತಿರುವ ಮನೆಯಾದರೆ ನಾನೂ ಹೂಂ ಎನ್ನುತ್ತೇನೆ. ವಾಸದ ಮನೆಯಲ್ಲಿ ಗೋಡೆ ಕೊರೆದು, ತೇಪೆ ಹಾಕಿ, ಮತ್ತೆ ಬಣ್ಣ ಬಳಿಯುವ ರಗಳೆ ಯಾರಿಗೆ ಬೇಕು?

ಡಬ್ಬಿಯ ಮೇಲೆ ‘ಕೋಕ್ಸ್’ ಎಂದಿದ್ದ ದೀಪ ಮಿಣುಕಿ, ಆಮೇಲೆ ನಿಂತು ಉರಿಯಿತು. ಮೇಲಿನಿಂದ ಗೆಳೆಯ ಕೂಗಿದ, “ಬಂತು!”

ಅವನು ಕೆಳಗಿಳಿದಾಗ ತಂದೆ ಇನ್ನೂ ಸ್ಪ್ಲಿಟರ್ ನೋಡುತ್ತಿದ್ದರು. “ನಮ್ಮನೇಗೂ ಹಿಂಗೇ ಮಾಡ್ಬೋದೇನೋ?”

“ನಮ್ಮನೇಲಿ ಕಿಟಕಿ ತೂತಿಂದ ಹಾಲ್‌ಗೆ ಒಂದೇ ಕೇಬಲ್ ಅಲ್ವೇನಪ್ಪ? ಮಹಡಿ ರೂಮಿಗೆ ಹೋಗೇ ಇಲ್ಲ.”

“ಹಂಗಾರೆ ಅಲ್ಲಿ ಒಡೆಸ್ಲೇಬೇಕು.”

“ಗೋಡೇಲಿ ಖಾಲಿ ಪೈಪ್ ಬಿಡಿಸಿದ್ರೆ ಬೇಡ, ಅದ್ರಲ್ಲೇ ಎಳೀಬೋದು. ಬಿಡಿಸಿದ್ರಾ?”

“ಮೇಸ್ತ್ರಿ ಕೇಳಿದ್ದ ಕಣೋ. ದಂಡ ಖರ್ಚು ಅಂದೆ.”