ಯುಗಳ ಸಂಗೀತಸಾಧನೆ: ರಾಜನ್–ನಾಗೇಂದ್ರ ಸಹೋದರರು

ಶ್ರೀಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಚಲನಚಿತ್ರ ಸಂಗೀತಕ್ಕೇನು ಸ್ಥಾನವೆಂದು ಕೆಲವರು ಶಂಕಿಸಬಹುದು. ಶಂಕೆ ಸಹಜವಾದುದೇ. ಆದರೆ ಹನ್ನೆರಡನೆಯ ಶತಮಾನದ ಶಿವಶರಣರು ಪಂಡಿತರಿಗೆ ಮಾತ್ರ ಮೀಸಲಾಗಿದ್ದ ಅನುಭಾವವನ್ನು ಜನರ ಆಡುನುಡಿಗೆ ತಂದವರು. ನುಡಿಯು ಜನಸಾಮಾನ್ಯರ ನಾಲಗೆಯಲ್ಲಿ ನಲಿಯಬೇಕೆಂಬ ಆ ದೃಷ್ಟಿಯಿಂದ ನೋಡುವುದಾದರೆ, ಕನ್ನಡದ ಮಾತಿಗೆ ನಾದದ ಉಡುಗೆ ತೊಡಿಸಿದ ರಾಜನ್–ನಾಗೇಂದ್ರ ಸಹೋದರರ ಸಾಧನೆಯು ಅಧ್ಯಾಪಕರಾದ ನಮಗೆ ವಿಚಾರಯೋಗ್ಯವೇ ಆಗಿದೆ.

ಮೈಸೂರಿನ ಸಂಗೀತಗಾರರ ಮನೆತನದಲ್ಲಿ ಅಗ್ರಜರಾದ ರಾಜನ್ 1933ರಲ್ಲಿಯೂ ಅನುಜರಾದ ನಾಗೇಂದ್ರ 1935ರಲ್ಲಿಯೂ ಜನಿಸಿದರು. ತಂದೆ ರಾಜಪ್ಪನವರು ಮೂಕಿ ಚಿತ್ರಗಳಿಗೆ ಹಿನ್ನೆಲೆವಾದ್ಯ ನುಡಿಸುತ್ತಿದ್ದವರು. ಹಿರಿಯರು ಪಿಟೀಲನ್ನೂ ಕಿರಿಯರು ಜಲತರಂಗವನ್ನೂ ಅಭ್ಯಸಿಸಿದರು. ಬಿ. ವಿಠಲಾಚಾರ್ಯರ ‘ಸೌಭಾಗ್ಯಲಕ್ಷ್ಮಿ’ (1953) ಚಿತ್ರದಿಂದ ಇವರ ಜಂಟಿ ಸಂಗೀತನಿರ್ದೇಶನವು ಆರಂಭವಾಯಿತು. ‘ಗಂಧದ ಗುಡಿ’ (1973), ‘ಎರಡು ಕನಸು’ (1974), ‘ಬಯಲು ದಾರಿ’ ಮತ್ತು ‘ನಾ ನಿನ್ನ ಮರೆಯಲಾರೆ’ (1976), ‘ಹೊಂಬಿಸಿಲು’ (1978) ಮೊದಲಾದವು ಇವರ ಕೀರ್ತಿಯನ್ನು ಮನೆಮನೆಗೂ ಮುಟ್ಟಿಸಿದವು. ತೆಲುಗಿನಲ್ಲಿಯೂ ‘ಪಂತುಲಮ್ಮ’ (1977) ಚಿತ್ರದಿಂದ ಮನ್ನಣೆ ದೊರೆಯಿತು.

ಇವರ ವೈಶಿಷ್ಟ್ಯವೇನು? ಚಿತ್ರಗೀತೆಯಲ್ಲಿ ಬಹುಮಟ್ಟಿಗೆ ಮಟ್ಟು ಮೊದಲು ಹುಟ್ಟುತ್ತದೆ; ಮಾತು ಅನಂತರ ಬರುತ್ತದೆ. ಇಲ್ಲಿಯೇ ಅಪಾಯವಿರುವುದು. ಕನ್ನಡದಲ್ಲಿ ಹ್ರಸ್ವದೀರ್ಘಗಳು ಅರ್ಥವನ್ನೇ ಬೇರ್ಪಡಿಸುತ್ತವೆ. ಲಘುವಿರುವೆಡೆ ಸ್ವರವನ್ನೆಳೆದರೆ ‘ಬಲೆ’ಯು ‘ಬಾಲೆ’ಯಾದೀತು, ‘ಮರ’ವು ‘ಮಾರ’ನಾದೀತು! ಈ ಸಹೋದರರ ಉತ್ತಮ ರಚನೆಗಳಲ್ಲಿ ಮಾತ್ರಾಗಣದ ನಡೆಗೂ ತಾಳದ ನಡೆಗೂ ವಿರೋಧ ಕಾಣದು. ವಾದ್ಯಘೋಷವು ಪದವನ್ನು ನುಂಗುವುದಿಲ್ಲ. ಆದ್ದರಿಂದಲೇ ಚಿ. ಉದಯಶಂಕರ್ ಅವರ ಸರಳ ಸಾಹಿತ್ಯವು ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ, ಡಾ. ರಾಜಕುಮಾರ್ ಮೊದಲಾದವರ ಕಂಠದಲ್ಲಿ ಅಕ್ಷರಶಃ ಕೇಳಿಸುತ್ತದೆ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನಾಧರಿಸಿದ ‘ಪರಸಂಗದ ಗೆಂಡೆತಿಮ್ಮ’ (1978) ಚಿತ್ರದಲ್ಲಿ ದೊಡ್ಡರಂಗೇಗೌಡರ ಗ್ರಾಮ್ಯನುಡಿಗೆ ಇವರು ಜಾನಪದದ ಗತ್ತನ್ನೇ ಹೊಂದಿಸಿದರು. ಹಳ್ಳಿಯ ಮಾತನ್ನು ನಗರದ ಮಾತಾಗಿ ತಿದ್ದಹೋಗಲಿಲ್ಲ. ತುಂಗಭದ್ರೆಯ ತೀರದ ನಮ್ಮ ಸೀಮೆಯ ರೈತಮಕ್ಕಳಿಗೆ ಇದರ ಬೆಲೆ ತಿಳಿಯದೆ ಹೋಗದು.

ಇನ್ನೊಂದು ಮಾತು ಗಮನಾರ್ಹ. ಜೋಡಿಯಾಗಿ ಕೀರ್ತಿ ಪಡೆಯುವುದಕ್ಕಿಂತ ಜೋಡಿಯಾಗಿ ಉಳಿಯುವುದು ಕಷ್ಟ. ತಮಿಳಿನ ವಿಶ್ವನಾಥನ್–ರಾಮಮೂರ್ತಿ 1965ರಲ್ಲಿ ಬೇರೆಯಾದರು. ಹಿಂದಿಯ ಶಂಕರ್–ಜೈಕಿಶನ್ ಜೋಡಿಯಲ್ಲಿ 1971ರಲ್ಲಿ ಜೈಕಿಶನ್ ತೀರಿಕೊಂಡ ಮೇಲೆಯೂ ಶಂಕರ್ ಎರಡು ಹೆಸರುಗಳನ್ನೂ ಬಿಡಲಿಲ್ಲ. ನಮ್ಮ ಸಹೋದರರಾದರೋ ದಶಕಗಳ ಕಾಲ ಒಂದೇ ಹೆಸರಿನಂತೆ ಬಾಳಿದರು. ಯಾವ ಸ್ವರ ಅಣ್ಣನದು, ಯಾವುದು ತಮ್ಮನದೆಂದು ಕೇಳುಗನು ವಿಂಗಡಿಸಲಾರ. ‘ನಾನು’ ಅಳಿದಲ್ಲದೆ ಇಂತಹ ಕಾಯಕವು ಸಿದ್ಧಿಸದು. ನಾಗೇಂದ್ರರು 2000ದಲ್ಲಿಯೂ ರಾಜನ್ 2020ರಲ್ಲಿಯೂ ಕಾಲವಶರಾದರು.

ಇವರ ಪರಂಪರೆ ಉಳಿಯುವುದು ಧ್ವನಿಮುದ್ರಿಕೆಗಳಿಂದ ಮಾತ್ರವಲ್ಲ. ಇಂದು ಅನೇಕ ಗೀತೆಗಳಲ್ಲಿ ತಾಳದ ಅಬ್ಬರದ ನಡುವೆ ಮಾತು ಕೇಳಿಸದಾಗಿದೆ. ಮಕ್ಕಳು ‘ಹ’ಕಾರ ‘ಅ’ಕಾರಗಳ ಭೇದವನ್ನೇ ಮರೆಯುತ್ತಿದ್ದಾರೆ. ಷಟ್ಪದಿಯನ್ನು ಕಂಠಪಾಠ ಮಾಡಿಸುವಾಗ, ವಚನವನ್ನು ಹಾಡಿಸುವಾಗ, ಅಧ್ಯಾಪಕ ಬಂಧುಗಳು ರಾಗಕ್ಕಿಂತ ಮೊದಲು ಉಚ್ಚಾರವನ್ನು ತಿದ್ದಬೇಕು. ದಾನಿಗಳು ಶಾಲೆಗೆ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ ಒದಗಿಸಿದರೆ ಅದೂ ದಾಸೋಹವೇ. ಮಾತು ಮಾಸದಂತೆ ಹಾಡುವ ಮಗುವೊಂದು ನಂದಿಗುಡಿಯ ಸೀಮೆಯಲ್ಲಿ ಬೆಳೆದುಬಂದರೆ, ಆ ಸಹೋದರರಿಗೆ ನಾವು ಸಲ್ಲಿಸಬಹುದಾದ ಗೌರವ ಅದಕ್ಕಿಂತ ಮಿಗಿಲಾದುದಿಲ್ಲ.