ಮನೆಗೆ ಬಂದ ಕೆಲಸ, ಕೇಳಬೇಕಾದ ಲೆಕ್ಕ

ಮನೆಯಲ್ಲೇ ಕೂತು ದುಡಿಯುವುದು ನಿಪ್ಪಾಣಿ ಸೀಮೆಗೆ 2020ರಲ್ಲಿ ಲ್ಯಾಪ್‌ಟಾಪಿನ ಜೊತೆ ಬಂದದ್ದಲ್ಲ. ತಂಬಾಕಿನ ಈ ಭಾಗದಲ್ಲಿ ಹೆಣ್ಣುಮಕ್ಕಳು ಬಹಳ ಹಿಂದಿನಿಂದ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಕೂಸನ್ನು ಮಲಗಿಸಿಕೊಂಡು ಬೀಡಿ ಕಟ್ಟಿದ್ದಾರೆ. ಇಲ್ಲಿನ ಬೋರಗಾಂವದಲ್ಲಿದ್ದುಕೊಂಡೇ ಬೆಂಗಳೂರು, ಪುಣೆಯ ಕಂಪನಿಗೆ ದುಡಿಯಬೇಕೆನ್ನುವವರು ಮೊದಲು ಆ ಬೀಡಿಯ ಲೆಕ್ಕವನ್ನು ತಿಳಿದುಕೊಂಡರೆ ಒಳ್ಳೆಯದು. ಮನೆಯಲ್ಲಿ ದುಡಿಯುವವರೂ ನೌಕರರೇ ಎಂಬ ಮಾತು ನಮ್ಮ ಕಾನೂನಿನಲ್ಲಿ ಗಟ್ಟಿಯಾದದ್ದು ಬೀಡಿ ಕಾರ್ಮಿಕರಿಂದ.

ಗುತ್ತಿಗೆದಾರ ಎಲೆ, ತಂಬಾಕು, ನೂಲು ಕೊಡುತ್ತಾನೆ. ಎಲೆ ನೆನೆಹಾಕಿ, ಅಳತೆಗೆ ಕತ್ತರಿಸಿ, ತಂಬಾಕು ತುಂಬಿ ಸುತ್ತಿ, ನೂಲು ಬಿಗಿದು, ತುದಿ ಮಡಚಬೇಕು. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. ಎಷ್ಟು ತಾಸು ಹಿಡಿಯಿತೆಂದು ಯಾರೂ ಕೇಳುವುದಿಲ್ಲ. ಎಲೆ ನೆನೆಹಾಕಿದ ಹೊತ್ತು, ನಡುವೆ ಕೈಜೋಡಿಸಿದ ಅತ್ತೆಯ ದುಡಿಮೆ, ದೀಪದ ಕರೆಂಟು ಯಾವುದೂ ಆ ಸಾವಿರದ ಲೆಕ್ಕದಲ್ಲಿಲ್ಲ. ಕೊಟ್ಟ ಎಲೆಯೇ ಕೆಟ್ಟದ್ದಿದ್ದರೆ ಬೀಡಿ ಕಡಿಮೆ ಬೀಳುತ್ತದೆ. ಆ ಕೊರತೆ ಬಹಳ ಸಲ ಕಟ್ಟುವವಳ ತಲೆಗೇ ಬರುತ್ತದೆ. ಒಪ್ಪಿಸುವಾಗ ಸರಿಯಿಲ್ಲವೆಂದು ತೆಗೆದಿಟ್ಟ ಬೀಡಿಗೆ ಕೂಲಿಯೂ ಇಲ್ಲ.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಕಚ್ಚಾಮಾಲು ಪಡೆದು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರೆಂದು ಕರೆಯಿತು. ಮಾಲೀಕರು ಕೋರ್ಟಿಗೆ ಹೋದರು. ನಮ್ಮದೇ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೂಡಿದ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಮುಂದೆ ಪಿಎಫ್‌ನ ಪ್ರಶ್ನೆ ಬಂದಾಗ ಮಾಲೀಕರ ವಾದ ಇಷ್ಟು: ಮನೆಯೊಳಗೆ ಹೇಗೆ ಕಟ್ಟುತ್ತಾರೆಂದು ನಾವು ನೋಡುವುದೇ ಇಲ್ಲ, ಅಂದಮೇಲೆ ಅವರು ನಮ್ಮ ನೌಕರರು ಹೇಗಾದರು? 1985ರ ಪಿ. ಎಂ. ಪಟೇಲ್ ಪ್ರಕರಣದಲ್ಲಿ ಕೋರ್ಟ್ ಇದನ್ನು ಒಪ್ಪಲಿಲ್ಲ. ಕಟ್ಟಿ ತಂದ ಬೀಡಿಯನ್ನು ಬೇಡವೆನ್ನುವ ಹಕ್ಕು ನಿಮ್ಮ ಕೈಯಲ್ಲಿದೆ, ಆ ಹಕ್ಕೇ ನಿಮ್ಮ ಹತೋಟಿ ಎಂದಿತು. ನನ್ನ ಮಟ್ಟಿಗೆ ಮನೆಯಿಂದ ದುಡಿಯುವವರೆಲ್ಲ ಓದಬೇಕಾದ ತೀರ್ಪು ಇದು.

ಇದರಿಂದ ಲ್ಯಾಪ್‌ಟಾಪಿನವರೆಲ್ಲ ತಾನಾಗಿ ನೌಕರರಾಗಿಬಿಡುವುದಿಲ್ಲ. ಕಂಪನಿ ಕಳಿಸಿದ ಪತ್ರದಲ್ಲಿ 'ನೌಕರ' ಎಂದಿದೆಯೋ 'ಕನ್ಸಲ್ಟೆಂಟ್' ಎಂದಿದೆಯೋ ನೋಡಿ. ನೌಕರರಿಗೆ ಪಿಎಫ್, ರಜೆ, ಹೆರಿಗೆ ಸೌಲಭ್ಯದ ದಾರಿ ಇದೆ. ಕನ್ಸಲ್ಟೆಂಟರಿಗೆ ಸಾಮಾನ್ಯವಾಗಿ ಇವು ಯಾವುವೂ ಇಲ್ಲ; ಹಣ ಕೊಡುವಾಗ ಟಿಡಿಎಸ್ ಮುರಿದುಕೊಳ್ಳುತ್ತಾರೆ, ವರ್ಷದ ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬೇಕು. ಹೆಸರು ಕನ್ಸಲ್ಟೆಂಟ್, ಆದರೆ ಲಾಗಿನ್ ಆಗುವ ಹೊತ್ತು ಅವರದು, ಪರದೆಯ ಮೇಲೆ ಕಣ್ಣು ಅವರದು, ರಜೆಗೆ ಅನುಮತಿಯೂ ಅವರದೇ ಎಂದಾದರೆ ಸಹಿ ಹಾಕುವ ಮೊದಲೇ ಕಾರಣ ಕೇಳಿ.

ಇನ್ನು ಮಕ್ಕಳು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಆಮೇಲೆ ಮನೆಯಿಂದ ದುಡಿಯಲೂ ಕಾನೂನಿನಲ್ಲಿ ಅವಕಾಶವಿದೆ, ಆದರೆ ಕೆಲಸ ಅಂಥದ್ದಾಗಿರಬೇಕು, ಕಂಪನಿಯೂ ತಾಯಿಯೂ ಒಪ್ಪಬೇಕು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ನಡೆಸಬೇಕು. ಬೋರಗಾಂವದಲ್ಲಿ ಕೂತವಳಿಗೆ ಬೆಂಗಳೂರಿನ ಕಚೇರಿಯ ಕೇಂದ್ರದಿಂದ ಏನೂ ಸಿಗದು. ಅದರ ಬದಲಿಗೆ ಮಗುವಿನ ಆರೈಕೆಗೆ ಭತ್ಯೆ ಕೊಡುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕೂಸನ್ನೂ ನೋಡಿಕೊಳ್ಳುತ್ತ ಫೋನ್ ಕರೆಗಳಿಗೂ ಉತ್ತರಿಸುವುದು ಆಗದ ಮಾತು. ಮೂರು ವರ್ಷ ತುಂಬಿದ ಮಗುವಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕದಿದ್ದರೆ ಆ ತಾಸುಗಳಿಗೆ ಒಬ್ಬರು ಬೇಕೇ ಬೇಕು. ಅತ್ತೆಯೋ ಅಕ್ಕನೋ ನೋಡಿಕೊಂಡರೆ ಅವರಿಗೂ ಸಂಬಳದಲ್ಲೊಂದು ಪಾಲು ಎತ್ತಿಡಿ. ಬೀಡಿಯ ಸಾವಿರದೊಳಗೆ ಕಾಣದೆಹೋದ ಕೈಗಳು ಇಲ್ಲಾದರೂ ಲೆಕ್ಕಕ್ಕೆ ಬರಲಿ. ಲೆಕ್ಕ ತಪಾಸಣೆ, ಬರವಣಿಗೆ, ಅನುವಾದದಂಥ ಕೆಲಸವನ್ನು ಮಗು ಮಲಗಿದಾಗ ಮಾಡಬಹುದು. ಕರೆ ಸ್ವೀಕರಿಸುವ ಕೆಲಸ ಹಾಗಲ್ಲ. 2020ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಕಾಲ್ ಸೆಂಟರುಗಳ ನಿಯಮ ಸಡಿಲಿಸಿದ ಮೇಲೆ ಅದೂ ಸುಲಭವಾಗಿ ಮನೆಗೆ ಬರತೊಡಗಿದೆ. ಬೇರೆ ಕೋಣೆ, ಮುಚ್ಚುವ ಬಾಗಿಲು ಇಲ್ಲದೆ ಒಪ್ಪಿಕೊಳ್ಳಬೇಡಿ.

ಕೋಣೆ ಇಲ್ಲದಿದ್ದರೆ ಹಂಚಿಕೊಂಡ ಕಚೇರಿ ಮಾಡಬಹುದು. ನಗರಗಳ ಕೋ-ವರ್ಕಿಂಗ್ ಜಾಗಗಳು ಕುರ್ಚಿಗೆ ದಿನಕ್ಕೆ, ತಿಂಗಳಿಗೆ ಇಷ್ಟು ಎಂದು ಹಣ ಪಡೆದು ಇಂಟರ್ನೆಟ್, ಕರೆಂಟು, ಸಭೆಯ ಕೋಣೆ ಒದಗಿಸುತ್ತವೆ. ಅದನ್ನೇ ನಾಲ್ಕು ಜನ ಸೇರಿ ಊರಲ್ಲೊಂದು ಕೋಣೆ ಬಾಡಿಗೆ ಹಿಡಿದು ಮಾಡಬಹುದು. ಕರೆಂಟು ಹೋದಾಗಿನ ಲೆಕ್ಕ ಹೀಗೆ: ಲ್ಯಾಪ್‌ಟಾಪಿಗೆ ಸುಮಾರು 60 ವ್ಯಾಟ್, ನಾಲ್ಕಕ್ಕೆ 240, ರೌಟರ್ ಮತ್ತು ಒಂದು ದೀಪ ಸೇರಿ 270ರ ಆಸುಪಾಸು. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ಇನ್ವರ್ಟರಿನಲ್ಲಿ ಪೋಲಾಗುವುದನ್ನು ಕಳೆದು, ಪೂರ್ತಿ ಬರಿದುಮಾಡದೆ ಬಳಸಿದರೆ ನಾಲ್ಕು ತಾಸಿನವರೆಗೆ ನಡೆಯುತ್ತದೆ. ಒಂದು ಫೈಬರ್ ಸಂಪರ್ಕ, ಅದು ಕೈಕೊಟ್ಟಾಗ ಬೇರೆ ಕಂಪನಿಯ ಮೊಬೈಲ್ ಡೇಟಾ ಇರಲಿ. ಶೌಚಾಲಯ, ಸಂಜೆ ಬಾಗಿಲು ಹಾಕುವ ಹೊತ್ತು ಮೊದಲೇ ಗೊತ್ತಾಗಿರಲಿ. ಹೆಣ್ಣುಮಕ್ಕಳು ಬರುವುದೋ ಬಿಡುವುದೋ ಇದರ ಮೇಲೇ ನಿಂತಿದೆ. ಹಂಚಿಕೊಂಡ ಜಾಗದಲ್ಲಿ ಗ್ರಾಹಕರ ಮಾಹಿತಿ ತೆರೆಯಬಹುದೇ ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಪಡೆಯಿರಿ.

ಕೆಲಸ ಹುಡುಕುವಾಗ ಮೋಸದ ಬಗ್ಗೆಯೂ ಎಚ್ಚರವಿರಲಿ. ಡೇಟಾ ಎಂಟ್ರಿ ಕೆಲಸ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತಪ್ಪು ಹೆಚ್ಚಾಯಿತೆಂದು ದಂಡ ಕೇಳಿ, ವಕೀಲರ ನೋಟಿಸು ಕಳಿಸಿ ಹೆದರಿಸುವುದೂ ಇದೇ ಮೋಸದ ಮುಂದಿನ ಹೆಜ್ಜೆ. ಹಣ ಹೋಗಿದ್ದರೆ ಮರ್ಯಾದೆಗೆ ಅಂಜಿ ಕೂರದೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.